ಗೌರವದ ಜಾಗದಲ್ಲಿ ಕೂತ ವಿದ್ಯಾರ್ಥಿನಿ

ಫೆಬ್ರವರಿ ಇಪ್ಪತ್ತೊಂದರ ಬೆಳಿಗ್ಗೆ ಎಂಟು ಗಂಟೆ ಐವತ್ತೆರಡು ನಿಮಿಷಕ್ಕೆ ಬುರುಲ್ ಉಸಿರು ಬಿಗಿಹಿಡಿದು ನಿಂತಿದ್ದಳು. ಎದುರಿಗೆ, ಅವಳ ಮುಖದ ಮಟ್ಟಕ್ಕೆ, ನಾಲ್ಕು ಕಾಲಿನ ಮೇಲೆ ನಿಂತ ಬಿಳಿ ಮರದ ಪೆಟ್ಟಿಗೆ, ಅದರೊಳಗೆ ತಾಪಮಾಪಕ. ಉಸಿರು ತಾಕಿದರೆ ಆ ಬಿಸಿಗೇ ಅಂಕೆ ಮೇಲೇರುತ್ತದೆ. ಹಾಗಾಗಿ ಬೇಗ ಕದಲುವ ದಶಾಂಶವನ್ನು ಮೊದಲು ಓದಬೇಕು, ಡಿಗ್ರಿಯನ್ನು ಆಮೇಲೆ. ಎಂಟು. ಹದಿನಾರು. ಸೊನ್ನೆಗಿಂತ ಹದಿನಾರು ಪಾಯಿಂಟ್ ಎಂಟು ಕೆಳಗೆ. ಮೂರು ಹೆಜ್ಜೆ ಹಿಂದೆ ಸರಿದು ಉಸಿರು ಬಿಟ್ಟಳು. ಪೆನ್ಸಿಲಿನಲ್ಲಿ ಬರೆದುಕೊಂಡಳು, ಏಕೆಂದರೆ ಬೆಲ್ತೀರ್ ಹಳ್ಳಿಯ ಚಳಿಗೆ ಪೆನ್ನಿನ ಶಾಯಿ ಹೆಪ್ಪುಗಟ್ಟುತ್ತದೆ.

ಬೆಳಿಗ್ಗೆ ಆರಕ್ಕೆ ಶುರು, ರಾತ್ರಿ ಒಂಬತ್ತಕ್ಕೆ ಕೊನೆ, ಮೂರು ಗಂಟೆಗೊಮ್ಮೆ. ದಿನಕ್ಕೆ ಆರು ಸಲ. ಹದಿನಾರು ವರ್ಷಗಳಿಂದ ಹೀಗೆ ಓದಿ ನರೀನ್ ಪಟ್ಟಣದ ಕಚೇರಿಗೆ ಫೋನ್ ಮಾಡುತ್ತಿದ್ದಳು. ಲೆಕ್ಕ ಹಾಕಿದರೆ ಮೂವತ್ತೈದು ಸಾವಿರ ಸಲ ಈ ಕಣಿವೆಯ ಚಳಿಯನ್ನು ಅವಳು ಮುಖಾಮುಖಿ ಕಂಡಿದ್ದಾಳೆ. ಆದರೆ ನಾಳೆ ಚಳಿ ಹೇಗಿರುತ್ತದೆ ಎಂದು ಊರಿನವರ ಹಾಗೆ ಅವಳೂ ರೇಡಿಯೋ ಕೇಳಿಯೇ ತಿಳಿಯಬೇಕಿತ್ತು. ತಾನು ಕಳಿಸಿದ ಅಂಕೆಗಳನ್ನು ಅಲ್ಲಿ ಯಾರೋ ಏನೋ ಮಾಡುತ್ತಾರೆ, ಅದರಿಂದ ನಾಳೆ ಎಂಬುದು ಹುಟ್ಟುತ್ತದೆ. ಆ 'ಏನೋ' ಏನೆಂಬುದು ಅವಳಿಗೆ ಹದಿನಾರು ವರ್ಷದಿಂದ ಹಲ್ಲಿಗೆ ಸಿಕ್ಕ ನಾರಿನ ಹಾಗೆ ಕಾಡುತ್ತಿತ್ತು.

ಹಿಂದಿನ ದಿನ ಇಲಾಖೆಯಿಂದ ಕಾಗದ ಬಂದಿತ್ತು. ಸೆಪ್ಟೆಂಬರ್ ಒಂದರೊಳಗೆ, ಮನೆಯಲ್ಲಿದ್ದುಕೊಂಡು ಅಂಚೆಯ ಮೂಲಕವಾದರೂ ಸರಿ, ಹವಾಮಾನದ ಓದಿಗೆ ಸೇರಿದ ಪತ್ರ ತೋರಿಸಬೇಕು. ಇಲ್ಲವಾದರೆ ಈ ಕೇಂದ್ರಕ್ಕೆ ಓದಿದವರನ್ನು ನೇಮಿಸಲಾಗುವುದು. ಓದಿಗೆ ಸೇರಬೇಕಾದರೆ ಮೇ ತಿಂಗಳಲ್ಲಿ ನಡೆಯುವ ದೇಶದ ಪ್ರವೇಶ ಪರೀಕ್ಷೆ ಬರೆಯಬೇಕು. ಕಳೆದ ವರ್ಷ ಆ ವಿಭಾಗದ ಕೊನೆಯ ಸೀಟು ಹೋದದ್ದು ನೂರ ಇಪ್ಪತ್ತೆಂಟು ಅಂಕಕ್ಕೆ. ಬುರುಲ್ ಶಾಲೆ ಬಿಟ್ಟದ್ದು ಹದಿನೆಂಟನೇ ವಯಸ್ಸಿಗೆ. ಈಗ ನಲವತ್ತೊಂದು.

ಕೋರ್ಸಿಗೆ ಸೇರುವುದೋ, ಪುಸ್ತಕ ತಂದು ಮನೆಯಲ್ಲೇ ಓದುವುದೋ? ಚಹಾದ ಹೊತ್ತಿಗೆ ಈ ಪ್ರಶ್ನೆ ಮೇಜುಬಟ್ಟೆಯ ಮೇಲೆ ರೊಟ್ಟಿಯ ಜೊತೆ ಬಿತ್ತು.

"ಮನೇಲಿ ಓದೋದು ಅಂದ್ರೇನು?" ಅಂದಳು ಅತ್ತೆ ಸೆಯಿಲ್ಕಾನ್. ಊರೆಲ್ಲ ಅವಳನ್ನು ಅಪಾ ಎನ್ನುತ್ತದೆ, ಸೊಸೆಯೂ ಹಾಗೆಯೇ ಕರೆಯುತ್ತಾಳೆ. "ಉಸ್ತಾದನ ಮುಖ ನೋಡದ ಶಿಷ್ಯ ಹತ್ತು ದಾರಿ ತುಳೀತಾನೆ. ನಾನು ಉಣ್ಣೆ ಹಾಸಿ ಕಂಬಳಿ ಮಾಡೋದು ಕಲಿತಿದ್ದು ಪುಸ್ತಕದಿಂದಾನಾ? ನಮ್ಮ ಚಿಕ್ಕಮ್ಮ ಬೆರಳ ಗೆಣ್ಣಿಗೆ ಕೋಲಲ್ಲಿ ಹೊಡೆದು ಕಲಿಸಿದ್ದು."

"ಆ ಮೇಷ್ಟ್ರು ಹೊಡೆಯಲ್ಲ ಅಪಾ. ದುಡ್ಡು ತಗೊಂಡು ಪಾಠ ಹೇಳ್ತಾರೆ," ಅಂದ ಗಂಡ ಮೆದೆರ್.

"ಹೊಡೆಯಲ್ವಾ? ಹಾಗಾದ್ರೆ ಯಾಕೆ ದುಡ್ಡು?"

ಬುರುಲ್ ಕಾಗದದ ಹಿಂಬದಿಯಲ್ಲಿ ಲೆಕ್ಕ ಹಾಕುತ್ತಿದ್ದಳು. ಕೋರ್ಸು ನರೀನ್‌ನಲ್ಲಿ, ಮೂವತ್ತೆಂಟು ಕಿಲೋಮೀಟರ್. ಶನಿವಾರ ಹತ್ತರಿಂದ ಒಂದು. ಒಂಬತ್ತರ ಅಂಕೆ ಕಳಿಸಿ ಒಂಬತ್ತೂ ಹತ್ತಕ್ಕೆ ಮೆದೆರನ ಹಳೇ ಗಾಡಿ ಹತ್ತಿದರೆ, ಗಾಡಿ ಮನಸ್ಸು ಮಾಡಿದರೆ, ಹತ್ತೂ ಐದಕ್ಕೆ ಅಲ್ಲಿ. ಹನ್ನೆರಡರ ಅಂಕೆಗೆ ವಾಪಸು ಬರಬೇಕೆಂದರೆ ಹನ್ನೊಂದೂ ಐದಕ್ಕೆ ಹೊರಡಬೇಕು. ಸಿಗುವುದು ಒಂದು ಗಂಟೆ. ಅದರಲ್ಲಿ ಒಬ್ಬೊಬ್ಬರ ಆರೋಗ್ಯ, ಅವರ ತಂದೆತಾಯಿಯ ಆರೋಗ್ಯ, ದನಕರುವಿನ ಆರೋಗ್ಯ ವಿಚಾರಿಸಲು ಇಪ್ಪತ್ತು ನಿಮಿಷ. ಉಳಿದದ್ದು ನಲವತ್ತು. ಅವಳು ಆ ನಲವತ್ತರ ಸುತ್ತ ಒಂದು ಸೊನ್ನೆ ಸುತ್ತಿದಳು.

"ಹನ್ನೆರಡು ಗಂಟೇದು ನಾನು ಓದ್ತೀನಿ," ಅಂದಳು ಅಪಾ. "ಎಪ್ಪತ್ತೊಂದು ವರ್ಷದಿಂದ ಚಳಿ ನೋಡ್ತಿದ್ದೀನಿ. ಗಾಜಿನ ಕೊಳವೆ ನೋಡೋಕೆ ಬರಲ್ವಾ?"

ಬಂತು, ಚೆನ್ನಾಗಿಯೇ ಬಂತು. ನಾಲ್ಕು ದಿನದಲ್ಲಿ ಅಪಾ ಕಣ್ಣನ್ನು ಪಾದರಸದ ಮಟ್ಟಕ್ಕೆ ತರುವುದನ್ನೂ ಉಸಿರು ಹಿಡಿಯುವುದನ್ನೂ ದಶಾಂಶ ಮೊದಲು ಓದುವುದನ್ನೂ ಕಲಿತಳು. ಬುರುಲ್ ಅವಳ ಹಿಂದೆಯೇ ನಿಂತು ತಾನೂ ಓದಿ ಹನ್ನೆರಡು ಸಲ ಪರೀಕ್ಷಿಸಿದಳು. ಹನ್ನೆರಡಕ್ಕೆ ಹನ್ನೆರಡೂ ಸರಿ. ಕೋರ್ಸಿಗೆ ಹೋಗುವುದೆಂದು ತೀರ್ಮಾನವಾಯಿತು.

ಮಾರ್ಚಿನ ಮೊದಲ ಶನಿವಾರ ಹತ್ತೂ ಐದಕ್ಕೆ ಬುರುಲ್ ತರಗತಿಯ ಬಾಗಿಲಲ್ಲಿ ನಿಂತಳು. ಒಳಗಿದ್ದ ಹತ್ತೊಂಬತ್ತು ಮಂದಿಯೂ ಎದ್ದು ನಿಂತರು. ಎಲ್ಲರಿಗೂ ಹದಿನೇಳು ವರ್ಷ. ಎರ್ನಿಸ್ ಅಗಾಯ್, ಅಂದರೆ ಮೇಷ್ಟ್ರು, ಸೀಮೆಸುಣ್ಣ ಕೆಳಗಿಟ್ಟು ಎದೆಯ ಮೇಲೆ ಕೈಯಿಟ್ಟುಕೊಂಡ. ಅವನಿಗೆ ಇಪ್ಪತ್ತೆಂಟು.

"ಬನ್ನಿ ಎಜೆ, ಬನ್ನಿ. ಮೇಲೆ ಬನ್ನಿ," ಅಂದ. ಎಜೆ ಎಂದರೆ ಅಕ್ಕ. ಮೇಲೆ ಎಂದರೆ, ಯಾವ ಮನೆಯಲ್ಲಾದರೂ ಹಿರಿಯರನ್ನು ಕೂರಿಸುವ ಗೌರವದ ಜಾಗ: ಬಾಗಿಲಿಗೆ ಎದುರು, ಬಾಗಿಲಿನಿಂದ ಆದಷ್ಟು ದೂರ. ಆ ಕೋಣೆಯಲ್ಲಿ ಕಪ್ಪುಹಲಗೆ ಬಾಗಿಲ ಪಕ್ಕದಲ್ಲೇ ಇತ್ತು. ಹಾಗಾಗಿ ಕೋಣೆಯಲ್ಲೆಲ್ಲ ಹಿರಿಯಳಾದ ಬುರುಲ್ ಹಲಗೆಯಿಂದ ಆದಷ್ಟು ದೂರ ಕೂತಳು. ಬೆನ್ನಿಗೆ ಯಾರೋ ತಮ್ಮ ಕೋಟು ಮಡಚಿ ಇಟ್ಟರು. ಅಲ್ಲಿಂದ ವರ್ಗಮೂಲದ ಗುರುತು ಹುಲ್ಲು ಕೊಯ್ಯುವ ಕುಡುಗೋಲಿನಂತೆ ಕಾಣುತ್ತಿತ್ತು. ಅದರೊಳಗೆ ಏನಿದೆ ಎಂಬುದು ಕಾಣುತ್ತಿರಲಿಲ್ಲ.

"ಮುಂದೆ ಬರಲಾ ಅಗಾಯ್? ಇಲ್ಲಿಂದ ಕಾಣಲ್ಲ."

"ಅಯ್ಯೋ, ಬಾಗಿಲ ಹತ್ರ ನಿಮ್ಮನ್ನ ಕೂರ್ಸೋದಾ ಎಜೆ? ನಮ್ಮಮ್ಮಂಗೆ ಗೊತ್ತಾದ್ರೆ ನನ್ನ ಮನೆಗೇ ಸೇರಿಸಲ್ಲ."

ಹನ್ನೊಂದೂವರೆಗೆ ಚಹಾ. ಕಾಲು ಗಂಟೆ. ಮೊದಲ ಬಟ್ಟಲು ಅವಳಿಗೆ. ಚಹಾ ಮುಗಿದಾಗ ಎಲ್ಲರೂ ಅಂಗೈ ಮೇಲೆ ಮಾಡಿ ಅವಳತ್ತ ನೋಡಿದರು. ಆಶೀರ್ವಾದ ಹೇಳಬೇಕಾದವರು ಹಿರಿಯರಲ್ಲವೆ? ಗುಣಾಕಾರದ ಮಗ್ಗಿ ಮರೆತು ಕಲಿಯಲು ಬಂದವಳು ಹತ್ತೊಂಬತ್ತು ಮಕ್ಕಳಿಗೂ ಮೇಷ್ಟ್ರಿಗೂ ಒಳ್ಳೆಯದಾಗಲಿ, ಎಲ್ಲರಿಗೂ ಒಳ್ಳೆಯ ಅಂಕ ಬರಲಿ ಎಂದು ಹರಸಿ ಮುಖ ಸವರಿಕೊಂಡಳು.

ಎರಡನೇ ಶನಿವಾರ ದಾರಿಯಲ್ಲಿ ಕುರಿಮಂದೆ ಅಡ್ಡ ಬಂದು ಹತ್ತೂ ಹತ್ತಕ್ಕೆ ತಲುಪಿದಳು. ಅಂದು ಅಗಾಯ್ ಲೆಕ್ಕ ಕೊಟ್ಟ: ಗಾಡಿಯೊಂದು ಹೋಗುವಾಗ ಗಂಟೆಗೆ ನಲವತ್ತು ಕಿಲೋಮೀಟರ್, ಬರುವಾಗ ಅದೇ ದಾರಿಯಲ್ಲಿ ಅರವತ್ತು; ಒಟ್ಟು ಪಯಣದ ಸರಾಸರಿ ವೇಗ ಎಷ್ಟು?

ಬುರುಲ್‌ಗೆ ಖುಷಿಯಾಯಿತು. ಸರಾಸರಿ ಅವಳ ದಿನನಿತ್ಯದ ಕೆಲಸ. "ಐವತ್ತು," ಅಂದಳು.

ಅಗಾಯ್ ಹಲಗೆ ನೋಡಿದ, ಕಿಟಕಿ ನೋಡಿದ, ತನ್ನ ಬೂಟು ನೋಡಿಕೊಂಡ. "ಐವತ್ತು... ಎಜೆ ಹೇಳೋದ್ರಲ್ಲೂ ಒಂದು ಅರ್ಥ ಇದೆ. ಒಳ್ಳೇ ಅಂಕೆ. ಅಲ್ಲಿಂದ ಸ್ವಲ್ಪ ಈ ಕಡೆಗೆ ಬಂದ್ರೆ ನಲವತ್ತೆಂಟು. ಪುಸ್ತಕದಲ್ಲಿ ನಲವತ್ತೆಂಟು ಅಂತಿದೆ. ಮುಂದಿನ ಲೆಕ್ಕ."

ಬಾಗಿಲ ಬಳಿ ಕೂತಿದ್ದ ಬೆಗಾಯಿಮ್ ಎಂಬ ಹುಡುಗಿ ಗೆಳತಿಯ ಕಿವಿಯಲ್ಲಿ, ಆದರೆ ಕೋಣೆಗೆಲ್ಲ ಕೇಳುವಂತೆ, ಹೇಳಿದಳು: "ಹೋದ ತಿಂಗಳು ಇಂಥದೇ ಲೆಕ್ಕಕ್ಕೆ ನಾನೂ ಐವತ್ತು ಅಂದಿದ್ದೆ. ನಂಗೆ 'ಕತ್ತೆ, ಮೂರು ಸಲ ಬಿಡಿಸ್ಕೊಂಡು ಬಾ' ಅಂದ್ರು. ನಂಗೆ ಯಾವಾಗ ನಲವತ್ತೊಂದಾಗುತ್ತೋ."

ಆ ಹುಡುಗಿ ಮೂರು ಸಲ ಬಿಡಿಸಿಕೊಂಡು ಬಂದಿದ್ದಳು. ಅವಳಿಗೆ ನಲವತ್ತೆಂಟು ಯಾಕೆಂದು ಗೊತ್ತಿತ್ತು. ಬುರುಲ್‌ಗೆ ಗೊತ್ತಿರಲಿಲ್ಲ. ಮನೆಗೆ ವಾಪಸಾಗುವ ಮೂವತ್ತೆಂಟು ಕಿಲೋಮೀಟರಿನುದ್ದಕ್ಕೂ ಅವಳು ಗಾಡಿಯ ಮುಳ್ಳನ್ನೇ ನೋಡುತ್ತಿದ್ದಳು. ಏರಿನಲ್ಲಿ ಗಾಡಿ ತೆವಳಿದಾಗ ಥಟ್ಟನೆ ಹೊಳೆಯಿತು: ನಿಧಾನವಾಗಿ ಹೋಗುವ ಹೊತ್ತೇ ಹೆಚ್ಚು, ಆದ್ದರಿಂದ ಸರಾಸರಿ ಆ ಕಡೆಗೇ ವಾಲುತ್ತದೆ.

"ರೀ, ನಾವು ಏರಿನಲ್ಲೇ ಜಾಸ್ತಿ ಹೊತ್ತು ಇರ್ತೀವಿ," ಅಂದಳು.

"ಮದುವೆ ಆದಾಗಿಂದ ಅದನ್ನೇ ಹೇಳ್ತಿದ್ದೀನಿ," ಅಂದ ಮೆದೆರ್.

ಮೂರನೇ ಶನಿವಾರದ ಹಿಂದಿನ ರಾತ್ರಿ ಚಳಿ ಹಿಂತಿರುಗಿ ಬಂತು. ಬೆಳಿಗ್ಗೆ ಒಂಬತ್ತಕ್ಕೆ ಅಂಕೆ ಸೊನ್ನೆಗಿಂತ ಇಪ್ಪತ್ತೊಂದು ಪಾಯಿಂಟ್ ಆರು ಕೆಳಗಿತ್ತು. ಅದು ಕುರಿಗಳು ಮರಿ ಹಾಕುವ ಕಾಲ. ಅಡುಗೆಮನೆಯ ಒಲೆಯ ಪಕ್ಕ ಆಗಲೇ ಐದು ಮರಿಗಳು ಒಂದರ ಮೇಲೊಂದು ಮಲಗಿದ್ದವು. ಬುರುಲ್ ಹತ್ತೂ ಐದಕ್ಕೆ ತರಗತಿಗೆ ತಲುಪಿದಳು. ಹನ್ನೆರಡೂ ಇಪ್ಪತ್ತೈದಕ್ಕೆ ಅವಳ ಫೋನು ಮೊಳಗಿತು. ನರೀನ್ ಕಚೇರಿಯ ಕ್ಲಾರಾ ಎಜೆ. ಹದಿನಾರು ವರ್ಷ ಬುರುಲ್‌ಳ ಅಂಕೆಗಳನ್ನು ಕಿವಿಯಲ್ಲಿ ತುಂಬಿಕೊಂಡ ಹೆಂಗಸು.

"ಬುರುಲ್, ನಿಮ್ಮ ಬೆಲ್ತೀರ್‌ಗೆ ವಸಂತ ಬಂತಂತೆ. ನಮಗೂ ಒಂಚೂರು ಕಳಿಸ್ಕೊಡು."

"ಏನು ಎಜೆ?"

"ಹನ್ನೆರಡಕ್ಕೆ ನಿಮ್ಮಲ್ಲಿ ಮೈನಸ್ ಏಳು ಪಾಯಿಂಟ್ ಮೂರು. ಬೆಟ್ಟದ ಆ ಕಡೆ ಕೇಂದ್ರದಲ್ಲಿ ಹದಿನೆಂಟು. ಈ ಕಡೆ ಕೇಂದ್ರದಲ್ಲಿ ಹದಿನಾರೂವರೆ. ನಡುವೆ ನೀವು ಮಾತ್ರ ಏಪ್ರಿಕಾಟ್ ಹೂ ನೋಡ್ತಾ ಕೂತಿದ್ದೀರ. ಇದನ್ನ ನಾನು ನಕ್ಷೆಗೆ ಹಾಕಿದ್ರೆ ಮೇಲಿನವರು ನನ್ನ ಹುಚ್ಚಿ ಅಂತಾರೆ. ಹಾಕಲಾ?"

"ಹಾಕ್ಬೇಡಿ ಎಜೆ. ಒಂದು ಗಂಟೆ ಟೈಮ್ ಕೊಡಿ."

ಬುರುಲ್ ಆ ನಿಮಿಷವೇ ಎದ್ದಳು. ದಾರಿಯುದ್ದಕ್ಕೂ ಎದೆಯಲ್ಲಿ ಒಂದೇ ಲೆಕ್ಕ. ತಪ್ಪು ಅಂಕೆ ಕಳಿಸಿದ ವೀಕ್ಷಕಿಯನ್ನು ಬದಲಿಸಲು ಸೆಪ್ಟೆಂಬರ್‌ವರೆಗೆ ಕಾಯಬೇಕಾಗಿಲ್ಲ.

ಬಿಳಿ ಪೆಟ್ಟಿಗೆಯ ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆಯಿದೆ. ಅದರೊಳಗೆ ತಿರುಗುವ ಸುರುಳಿಯ ಮೇಲೆ ಪೆನ್ನೊಂದು ತಾನೇ ತಾಪದ ಗೆರೆ ಎಳೆಯುತ್ತದೆ. ಅದರ ಶಾಯಿಗೆ ಗ್ಲಿಸರಿನ್ ಬೆರೆಸಿರುವುದರಿಂದ ಹೆಪ್ಪುಗಟ್ಟುವುದಿಲ್ಲ. ಹನ್ನೆರಡರ ನೇರಕ್ಕೆ ಆ ಗೆರೆ ಹದಿನೇಳರ ಸ್ವಲ್ಪ ಕೆಳಗೆ ಇತ್ತು. ಬುರುಲ್ ಸುರುಳಿಯನ್ನು ನೋಡಿ, ಒಳಗೆ ಬಂದು, ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದ ಅಪಾಳ ಎದುರು ಕೂತಳು.

"ಅಪಾ, ಹನ್ನೆರಡಕ್ಕೆ ಎಷ್ಟಿತ್ತು?"

"ಹದಿನೇಳು ಪಾಯಿಂಟ್ ಮೂರು," ಅಂದಳು ಅಪಾ, ತಡವರಿಸದೆ.

"ಮತ್ತೆ ಫೋನಲ್ಲಿ ಏಳು ಪಾಯಿಂಟ್ ಮೂರು ಅಂದ್ರಂತೆ."

"ಹೂಂ. ಮರಿ ಹುಟ್ಟೋ ಹೊತ್ತಲ್ಲಿ ದೊಡ್ಡ ಚಳೀನ ಬಾಯಿಬಿಟ್ಟು ಹೆಸರು ಹಿಡಿದು ಕರೀತಾರೇನೇ? ಕೇಳಿಸ್ಕೊಂಡು ಒಳಗೇ ಬಂದು ಕೂರುತ್ತೆ. ಅದಕ್ಕೇ ಹತ್ತನ್ನ ನಾನು ನುಂಗ್ಬಿಟ್ಟೆ. ದಶಾಂಶ ಮಾತ್ರ ಸರಿಯಾಗೇ ಹೇಳಿದ್ದೀನಿ, ನೀನು ಕಲಿಸಿದ ಹಾಗೆ."

ಮೊದಲೆರಡು ಶನಿವಾರ ಚಳಿ ಒಂದಂಕಿಯಲ್ಲೇ ಇದ್ದುದರಿಂದ ಅಪಾಗೆ ನುಂಗುವ ಅಗತ್ಯ ಬಿದ್ದಿರಲಿಲ್ಲ. ಬುರುಲ್ ಕ್ಲಾರಾ ಎಜೆಗೆ ಫೋನ್ ಮಾಡಿ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಆ ಕಡೆಯಿಂದ ಉಸಿರು ಸಿಕ್ಕಿಕೊಂಡಂಥ ಸದ್ದು, ಕ್ಲಾರಾ ಎಜೆ ನಗುವ ರೀತಿ ಅದು. "ಒಂದ್ಸಲಕ್ಕೆ ತಿದ್ದುಪಡಿ ಅಂತ ಬರ್ಕೋತೀನಿ," ಅಂದಳು ಕೊನೆಗೆ. "ಎರಡನೇ ಸಲ ಬರೆಯೋಕಾಗಲ್ಲ. ಮರಿಗಳು ಎಷ್ಟಾದ್ವು?"

"ಅಪಾ ಎಣಿಸೋಕೆ ಬಿಡಲ್ಲ ಎಜೆ."

ಅಂದು ಸಂಜೆ ಆರರ ಅಂಕೆ ಕಳಿಸಿದ ಮೇಲೆ ಬುರುಲ್ ಒಂದು ಹಾಳೆಯನ್ನು ಎರಡು ಭಾಗ ಮಾಡಿ ಕೂತಳು. ಮೂರು ಶನಿವಾರದಲ್ಲಿ ಅಗಾಯ್ ತನ್ನನ್ನು ಏಳು ಪ್ರಶ್ನೆ ಕೇಳಿದ್ದ. ಏಳಕ್ಕೂ 'ಒಳ್ಳೇ ಅಂಕೆ' ಅಂದಿದ್ದ. ಮನೆಗೆ ಬಂದು ತಾಳೆ ನೋಡಿದರೆ ಸರಿಯಿದ್ದದ್ದು ಎರಡು. ಅಪಾ ಚಳಿಗೆ ಹತ್ತು ಬಿಟ್ಟುಕೊಟ್ಟ ಹಾಗೆ ಅವನೂ ತನಗೆ ಬಿಟ್ಟುಕೊಡುತ್ತಿದ್ದ. ಮುಂದೆ ಕೂರಿಸು, ಕತ್ತೆ ಅನ್ನು ಎಂದು ಅವನಿಗೆ ಹೇಳುವುದು ಹೇಗೆ? ಅವನನ್ನು ಒಳ್ಳೆಯ ಮನೆತನದಲ್ಲಿ ಬೆಳೆಸಿದ್ದರು, ಅದಕ್ಕೆ ಮದ್ದಿಲ್ಲ.

ಕತ್ತೆ ಎನ್ನಲು ನಾಲಿಗೆ ತಡವರಿಸದವರು ಊರಲ್ಲಿ ಯಾರಿದ್ದಾರೆ? ಬುರುಲ್ ತಲೆಯೆತ್ತಿ ನೋಡಿದಳು. ಒಲೆಯ ಪಕ್ಕದಲ್ಲೇ ಅಪಾ ಕೂತಿದ್ದಳು. ತರಗತಿಯಲ್ಲಿ ಎಲ್ಲರಿಗಿಂತ ಹಿರಿಯಳಾದ ತಾನು ಈ ಮನೆಯಲ್ಲಿ ಸೊಸೆ.

ಮಾರನೆಯ ದಿನ ಅವಳು ಲೆಕ್ಕದ ಪುಸ್ತಕವನ್ನೂ ಭಾಷೆಯ ಪುಸ್ತಕವನ್ನೂ ತೆಗೆದು, ಹಿಂದಿದ್ದ ಉತ್ತರದ ಪುಟಗಳನ್ನು ಚಾಕುವಿನಿಂದ ನೀಟಾಗಿ ಕತ್ತರಿಸಿ ಅಪಾಳ ಕೈಗೆ ಕೊಟ್ಟಳು, ಜೊತೆಗೆ ಒಂದು ನೀಲಿ ಪೆನ್ಸಿಲ್. "ನಾನು ಬರೆದಿದ್ದು ಇದ್ರಲ್ಲಿರೋ ಹಾಗಿಲ್ದಿದ್ರೆ ಅಡ್ಡಗೆರೆ ಹಾಕಿ ಅಪಾ. ಯಾಕೆ ಅಂತ ನಾನೇ ಕಂಡುಹಿಡೀತೀನಿ."

"ಬೈಬಹುದಾ?"

"ಬೈಬೇಕು."

ಅಪಾ ಆ ಪುಟಗಳನ್ನು ಕರವಸ್ತ್ರದಲ್ಲಿ ಸುತ್ತಿ ಎದೆಯೊಳಗೆ ಸೇರಿಸಿದಳು. ಆ ಕ್ಷಣದಿಂದ ಅವಳ ನಡಿಗೆಯೇ ಬದಲಾಯಿತು.

ಎರಡು ಅಂಕೆಗಳ ನಡುವೆ ಎರಡು ಗಂಟೆ ನಲವತ್ತು ನಿಮಿಷ ಬಿಡುವು. ಅದರಲ್ಲಿ ಅಡುಗೆ, ಹಸು, ಮರಿಗಳಿಗೆ ಕಳೆದರೆ ಒಂದೊಂದು ಸಲಕ್ಕೆ ಐವತ್ತು ನಿಮಿಷ ಓದು. ಆದರೆ ಬೆಲ್ತೀರ್‌ನಲ್ಲಿ ಬಾಗಿಲು ತಟ್ಟುವ ಪದ್ಧತಿಯಿಲ್ಲ. ದಾರಿಯಲ್ಲಿ ಹೋಗುವವರು ಒಳಗೆ ಬರುತ್ತಾರೆ. ಬಂದವರಿಗೆ ಚಹಾ ಕೊಡದೆ ಕಳಿಸಿದ ಮನೆ ಈ ಕಣಿವೆಯಲ್ಲೇ ಇಲ್ಲ. ಅಪಾ ಹೊಸಿಲಿಗೆ ಕುರ್ಚಿ ಹಾಕಿಕೊಂಡು ಕೂತಳು.

"ಬುರುಲ್ ಇಲ್ವಾ ಅಪಾ?"

"ಇದ್ದಾಳೆ. ಸರ್ಕಾರದ ಗಾಳಿ ಅಳೀತಿದ್ದಾಳೆ. ನೀನು ಉಸಿರು ಬಿಟ್ರೂ ಅಂಕೆ ಕೆಡುತ್ತೆ. ಚಹಾ ಇಲ್ಲೇ ಕುಡಿ, ಮೆಲ್ಲಗೆ."

ಸರ್ಕಾರದ ಗಾಳಿಗೆ ಎಲ್ಲರೂ ಮರ್ಯಾದೆ ಕೊಟ್ಟರು. ಏಪ್ರಿಲ್‌ನಲ್ಲಿ ಜನ ಆ ಮನೆಯ ಮುಂದೆ ತುದಿಗಾಲಲ್ಲಿ ನಡೆಯುತ್ತಿದ್ದರು.

ಒಳಗಿನ ಕತೆ ಬೇರೆ. ಭಾಷೆಯ ಪುಸ್ತಕದಲ್ಲಿ ಸಂಬಂಧ ಗುರುತಿಸುವ ಪ್ರಶ್ನೆಗಳಿದ್ದವು. ನಾಯಿಗೂ ಮಂದೆಗೂ ಯಾವ ಸಂಬಂಧವೋ ಬೀಗಕ್ಕೂ ಯಾವುದಕ್ಕೂ ಅದೇ ಸಂಬಂಧ? ಕೀಲಿಕೈ, ಮನೆ, ಕಬ್ಬಿಣ, ಕಳ್ಳ. ಬುರುಲ್ ಕಳ್ಳ ಎಂದು ಬರೆದಿದ್ದಳು. ಅಪಾ ಕರವಸ್ತ್ರ ಬಿಚ್ಚಿ ಬಹಳ ಹೊತ್ತು ನೋಡಿದಳು.

"ನಂಗೂ ಕಳ್ಳನೇ ಸರಿ ಅನ್ಸುತ್ತೆ. ಬೀಗ ನೋಡಿದ ಮೇಲೇ ತಾನೆ ಒಳಗೇನೋ ಇದೆ ಅಂತ ಅವನಿಗೆ ಗೊತ್ತಾಗೋದು? ಆದ್ರೆ ಪುಟ 'ಮನೆ' ಅನ್ನುತ್ತೆ. ನಾಯಿ ಮಂದೆ ಕಾಯುತ್ತೆ, ಬೀಗ ಮನೆ ಕಾಯುತ್ತೆ ಅಂತೆ. ಪಟ್ಟಣದವರು ಬರೆದಿದ್ದು." ನೀಲಿ ಗೆರೆ ಬಿತ್ತು. "ಕತ್ತೆ."

"ಇಬ್ಬರದೂ ಒಂದೇ ಉತ್ತರ ಅಪಾ, ನಾನು ಮಾತ್ರ ಕತ್ತೆನಾ?"

"ಪರೀಕ್ಷೆ ನಾನು ಬರೀತಿಲ್ಲ."

ಮೊದಲ ವಾರ ಪುಟಕ್ಕೆ ಹನ್ನೊಂದು ಗೆರೆ. ಒಂದು ದಿನ ಒಂದೇ ಪುಟದಲ್ಲಿ ಹದಿನಾರು ಬಿದ್ದಾಗ ಬುರುಲ್ ಪುಸ್ತಕ ಮುಚ್ಚಿಟ್ಟಳು. "ಚಳಿಗೆ ಹತ್ತು ಬಿಟ್ಟುಕೊಟ್ರಿ ಅಪಾ. ನಂಗೆ ಒಂದಾದ್ರೂ ಬಿಡಲ್ವಾ?"

ಅಪಾ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡಳು. "ಚಳಿ ಕೇಳಿಸ್ಕೊಂಡ್ರೆ ಮರಿ ಸಾಯುತ್ತೆ. ನಿಂಗೆ ನಿಜ ಹೇಳಿದ್ರೆ ಏನು ಸಾಯುತ್ತೆ? ತೆಗಿ ಪುಸ್ತಕ."

ಮೇ ತಿಂಗಳ ಹೊತ್ತಿಗೆ ಪುಟಕ್ಕೆ ಎರಡು ಗೆರೆ ಬೀಳುತ್ತಿದ್ದವು. ಇತ್ತ ನರೀನ್‌ನಲ್ಲಿ ಎರ್ನಿಸ್ ಅಗಾಯ್ ಹಿಂದಿನ ಆ ಕುರ್ಚಿಯನ್ನು, ಅದರ ಮೇಲಿನ ಮಡಚಿದ ಕೋಟಿನ ಸಮೇತ, ಖಾಲಿಯೇ ಇಟ್ಟಿದ್ದನಂತೆ. ಹಾದಿ ದೂರ, ಕೆಲಸ ಬಿಡಲಾಗುವುದಿಲ್ಲ ಎಂದು ಬುರುಲ್ ಫೋನಿನಲ್ಲಿ ಹೇಳಿದ್ದಳು, ಅಷ್ಟಂತೂ ನಿಜವೇ. ಅವನು "ನಿಮ್ಮ ಜಾಗ ನಿಮ್ಮದೇ ಎಜೆ" ಅಂದಿದ್ದ.

ಪರೀಕ್ಷೆಯ ದಿನ ಒಂಬತ್ತರ ಅಂಕೆಯನ್ನೂ ಹನ್ನೆರಡರ ಅಂಕೆಯನ್ನೂ ಅಪಾ ಕಳಿಸಿದಳು. ಚಳಿ ಬೆಟ್ಟ ದಾಟಿ ಹೋಗಿತ್ತು, ಮರಿಗಳು ಹುಲ್ಲು ಕಚ್ಚುತ್ತಿದ್ದವು, ನುಂಗಲು ಏನೂ ಇರಲಿಲ್ಲ. ಪಟ್ಟಣದ ಶಾಲೆಯೊಂದರಲ್ಲಿ ಬುರುಲ್‌ಗೆ ಸಂಖ್ಯೆಯ ಪ್ರಕಾರ ಜಾಗ ಸಿಕ್ಕಿತು: ಬಾಗಿಲ ಪಕ್ಕ, ಎಲ್ಲರಿಗಿಂತ ಮುಂದೆ. ಯಾರೂ ಏಳಲಿಲ್ಲ. ಯಾರೂ ಚಹಾ ಕೊಡಲಿಲ್ಲ. ಅವಳಿಗೆ ಮನೆಯಲ್ಲಿ ಕೂತಷ್ಟೇ ಆರಾಮವೆನಿಸಿತು.

ಜೂನ್‌ನಲ್ಲಿ ಅಂಕ ಬಂತು: ನೂರ ನಲವತ್ತೊಂದು. ಜುಲೈ ಕೊನೆಗೆ ಸೇರಿದ ಪತ್ರ ಬಂತು. ಅದನ್ನು ಇಲಾಖೆಗೆ ಕಳಿಸುವ ಮುಂಚೆ ಅಪಾ ಒಂದು ರಾತ್ರಿ ಕರವಸ್ತ್ರದಲ್ಲಿ ಸುತ್ತಿ ಎದೆಯೊಳಗಿಟ್ಟುಕೊಂಡು ಮಲಗಿದಳು. ಮಾರನೆಯ ಬೆಳಿಗ್ಗೆ ಪತ್ರದಲ್ಲಿ ಒಂದು ಕಡೆ ವಿಭಾಗದ ಹೆಸರು ತಪ್ಪು ಮುದ್ರಣವಾಗಿದೆ, ಅಡ್ಡಗೆರೆ ಹಾಕಲೇ ಎಂದು ಕೇಳಿದಳು. ಅವಳ ಕೈಯಿಂದ ಪೆನ್ಸಿಲ್ ಕಸಿದುಕೊಳ್ಳಬೇಕಾಯಿತು.

ಬುರುಲ್ ಈಗ ಎರಡನೇ ವರ್ಷದಲ್ಲಿದ್ದಾಳೆ. ನಾಳೆ ಹೇಗೆ ಹುಟ್ಟುತ್ತದೆ ಎಂಬುದು ಅರ್ಧ ಗೊತ್ತಾಗಿದೆ. ಉಳಿದರ್ಧ ಗಣಿತ ಬಹಳ ಕಷ್ಟ ಎನ್ನುತ್ತಾಳೆ. ದಿನಕ್ಕೆ ಆರು ಸಲ ಉಸಿರು ಹಿಡಿಯುವುದು ತಪ್ಪಿಲ್ಲ.

ಸೇರಿದ ವರ್ಷವೇ ಶರತ್ಕಾಲದಲ್ಲಿ ಕೋರ್ಸಿನ ಬಾಗಿಲಿಗೆ ದೊಡ್ಡ ಹಾಳೆಯೊಂದು ಅಂಟಿತು. ಅದರಲ್ಲಿ ಬುರುಲ್‌ಳ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ: 'ನಲವತ್ತೊಂದರ ವಯಸ್ಸಿನಲ್ಲಿ ನೂರ ನಲವತ್ತೊಂದು ಅಂಕ. ನಮ್ಮ ಹೆಮ್ಮೆಯ ವಿದ್ಯಾರ್ಥಿನಿ.' ಎರ್ನಿಸ್ ಅಗಾಯ್ ಇದರಲ್ಲಿ ಮೋಸವೆಂದೇನೂ ಎಣಿಸಿರಲಿಲ್ಲ. ತನ್ನ ಕೋಣೆಯ ಗೌರವದ ಜಾಗದಲ್ಲಿ ಕೂತು ಆಶೀರ್ವಾದ ಮಾಡಿದವರು ತನ್ನವರಲ್ಲದೆ ಇನ್ನಾರು? ಅದನ್ನು ನೋಡಿ ಬೆಟ್ಟದ ಹಳ್ಳಿಗಳಿಂದ ತಾಯಂದಿರು ಮಕ್ಕಳನ್ನು ಕರೆದುಕೊಂಡು ಬೆಲ್ತೀರ್‌ಗೇ ಬರತೊಡಗಿದರು, ಕೋರ್ಸು ಒಳ್ಳೆಯದೋ ಮನೆಯ ಓದು ಒಳ್ಳೆಯದೋ ಕೇಳಿಕೊಂಡು ಹೋಗಲು.

ಹಾಗೆ ಬಂದ ಒಬ್ಬ ತಾಯಿ ಹೊಸಿಲಲ್ಲಿ ಕೂತು ಚಹಾ ಊದುತ್ತ ನೇರವಾಗಿ ಕೇಳಿದಳು: "ಆ ಮೇಷ್ಟ್ರ ಹತ್ರ ಎಷ್ಟು ದಿನ ಕಲಿತ್ರಿ ಎಜೆ? ಒಂದು ವರ್ಷಾನಾ?"

ಅಪಾ ಏನೋ ಹೇಳಲು ಬಾಯಿ ತೆರೆದಳು. ಬುರುಲ್ ಅವಳ ಮೊಣಕಾಲಿನ ಮೇಲೆ ಕೈಯಿಟ್ಟಳು. ಒಳ್ಳೆಯ ಮನಸ್ಸಿನ ಹುಡುಗನ ಮರ್ಯಾದೆ ಕಳೆಯಲು ಅವಳಿಗೆ ಇಷ್ಟವಿರಲಿಲ್ಲ. ಅಂಕೆಯನ್ನು ಹೆಚ್ಚುಕಡಿಮೆ ಮಾಡಿ ಹೇಳಲು ಬರುತ್ತಲೂ ಇರಲಿಲ್ಲ.

"ಅಗಾಯ್ ತುಂಬಾ ಒಳ್ಳೆಯವರು," ಅಂದಳು. "ಒಟ್ಟು ಎಂಟು ಗಂಟೆ ಐದು ನಿಮಿಷ. ಚಹಾದ ಹೊತ್ತು ಕಳೆದ್ರೆ, ಏಳು ಗಂಟೆ ಇಪ್ಪತ್ತು ನಿಮಿಷ."